ಭಟ್ಟಿಯ ಎಮ್ಮೆಲ್ಲೆ

"ಲೇ ಎಮ್ಮೆಲ್ಲೆ! ಕಕ್ಕಸು ತೊಳ್ದಾಯ್ತೇನೇ? ಆಗಿದ್ರೆ ಕೈ ತೊಳ್ಕೊಂಡು ಬಾ, ಹೆಬ್ಬೆಟ್ಟು ಒತ್ತೋದಿದೆ!"

ಇಟ್ಟಿಗೆ ಭಟ್ಟಿಯ ಯಜಮಾನ ಜಗುಲಿಯಿಂದ ಕೂಗಿದ. ತಮಾಷೆಗೆ ಇಟ್ಟ ಅಡ್ಡಹೆಸರಲ್ಲ ಅದು. ಬಕೀಟು, ಪೊರಕೆ ಹಿಡಿದು ಹಿತ್ತಲಿನಿಂದ ಬಂದ ಹೆಂಗಸು ಐದು ವರ್ಷದಿಂದ ಆ ಕ್ಷೇತ್ರದ ಶಾಸಕಿ. ಅವಳ ಹೆಸರಿನ ಮೊಹರೂ ಇತ್ತು, ಯಜಮಾನನ ಪೆಟ್ಟಿಗೆಯಲ್ಲಿತ್ತು.

ಗುಮಾಸ್ತ ಅವಳ ಹೆಸರು ಅಚ್ಚಾದ ಖಾಲಿ ಹಾಳೆಗಳ ಕಟ್ಟನ್ನು ನೆಲದ ಮೇಲಿಟ್ಟ. ಅವಳು ಕುಕ್ಕರಗಾಲಲ್ಲಿ ಕೂತು ಒಂದೊಂದಕ್ಕೂ ಹೆಬ್ಬೆಟ್ಟು ಒತ್ತತೊಡಗಿದಳು.

"ಇನ್ನೂ ನಾಮಪತ್ರಾನೇ ಹಾಕಿಲ್ವಲ್ಲ ಯಜಮಾನ್ರೇ?"

"ಹಾಕೋದು ನಾಳೆ, ಗೆಲ್ಲೋದು ಆಮೇಲೆ. ಒತ್ತೋಕೆ ಏನೇ ನಿಂದು, ಮುಂಡೆ? ಮುಂದಿನ ಐದು ವರ್ಷದ್ದು ಇವತ್ತೇ ಒತ್ತಿ ಬಿಸಾಕು."

"ಇದ್ರಲ್ಲಿ ಏನು ಬರೀತೀರಿ?"

ಯಜಮಾನ ಗುಮಾಸ್ತನ ಕಡೆ ತಿರುಗಿ ಹಲ್ಲು ಕಿಸಿದ. "ನೋಡಯ್ಯ, ಇವಳಿಗೂ ತಲೆ ಬಂತು! ಕೇಳು, ಮೊದಲನೇದು ನಿಮ್ಮ ಸಾಲುಮನೆದೇ. ಜನ ಖುಷಿಯಿಂದ ಖಾಲಿ ಮಾಡ್ತಾ ಇದಾರೆ, ಜಾಗ ಭಟ್ಟಿಗೆ ಕೊಡಿ ಅಂತ. ಎಂಥಾ ಜೇಡಿಮಣ್ಣು! ಅದರ ಮೇಲೆ ಉಚ್ಚೆ ಹುಯ್ಕೊಂಡು ಬಿದ್ದಿದೀರಿ."

ಅವಳ ಬೆರಳು ನಿಂತಿತು. ಸಾಲಿನಲ್ಲಿ ಇಪ್ಪತ್ತೆರಡು ಮನೆ, ಎಲ್ಲ ಭಟ್ಟಿಯ ಕೂಲಿಗಳದ್ದು. ಒಂದರಲ್ಲಿ ಅವಳ ಮಗಳು ಹತ್ತು ದಿನದ ಕೂಸು ಹಾಕಿಕೊಂಡು ಮಲಗಿದ್ದಳು.

"ನಾನು ಎಮ್ಮೆಲ್ಲೆ ಆಗದೇ ಹೋದ್ರೆ?"

"ಜಾಗ ಕೊಡೋದು ಚುನಾವಣೆ ಆದ್ಮೇಲಿನ ಹೊಸ ಸಭೆ, ಅದಕ್ಕೆ ಹೊಸ ಎಮ್ಮೆಲ್ಲೆ ಕಾಗದಾನೇ ಬೇಕು," ಎಂದ ಗುಮಾಸ್ತ. "ನೀನು ಆಗ್ದಿದ್ರೆ ಇವೆಲ್ಲ ಒಲೆಗೆ."

"ಅದಕ್ಕೇ ಕಣೇ ನಿನ್ನ ಗೆಲ್ಸೋದು," ಎಂದ ಯಜಮಾನ. "ನಿನ್ನ ಮೂತಿ ನೋಡೋಕಲ್ಲ. ಒತ್ತು."

ಅವಳು ಒತ್ತಿದಳು.

ಆ ಕ್ಷೇತ್ರದ ಚುನಾವಣೆಗಳ ಚರಿತ್ರೆ ತಿಳಿಯಲು ಪುಸ್ತಕ ಬೇಕಿಲ್ಲ, ಅವಳ ಮನೆಯ ಒಲೆ ನೋಡಿದರೆ ಸಾಕು. ಮೊದಲು ಯಜಮಾನನ ತಾತ ನಿಂತ. ಗೆದ್ದರೆ ಎಲ್ಲರಿಗೂ ಮನೆ, ಇದು ಮುಂಗಡ ಎಂದು ಗುಡಿಸಲಿಗೊಂದು ಇಟ್ಟಿಗೆ ಕೊಟ್ಟ. ಗೆದ್ದ, ಮೆರೆದ, ಸತ್ತ. ಅಪ್ಪ ನಿಂತ, ಅವನದೂ ಒಂದು ಇಟ್ಟಿಗೆ. ಆಮೇಲೆ ಈ ಯಜಮಾನ ನಿಂತ, ಇವನದೂ ಒಂದು. ಇಟ್ಟಿಗೆ ಹಾಕುವ ಜನ ತಾವೇ ಸುಟ್ಟ ಇಟ್ಟಿಗೆಯನ್ನು ಕಣ್ಣಿಗೊತ್ತಿಕೊಂಡು, ಜೈ ಎಂದು ಗಂಟಲು ಹರಿದುಕೊಂಡು ವೋಟು ಹಾಕಿ ಬಂದರು. ಕುರಿಗಳಾದರೂ ಕೊಯ್ಯುವಾಗ ಅರಚುತ್ತವೆ. ಮೂರು ತಲೆಮಾರಿನ ಮೂರು ಇಟ್ಟಿಗೆ ಜೋಡಿಸಿ ಅವಳ ಅತ್ತೆ ಒಲೆ ಹೂಡಿದ್ದಳು.

ಆಮೇಲೆ ಸರ್ಕಾರ ಆ ಕ್ಷೇತ್ರವನ್ನು ಕೆಳಗಿನವರಿಗೆಂದು ಮೀಸಲಿಟ್ಟಿತು. ಯಜಮಾನ ಮೂರು ದಿನ ಅನ್ನ ಬಿಟ್ಟ. ನಾಲ್ಕನೆಯ ದಿನ ಬುದ್ಧಿ ಬಂತು: ಕುದುರೆ ಯಾವುದಾದರೇನು, ಲಗಾಮು ತನ್ನ ಕೈಯಲ್ಲಿದ್ದರಾಯಿತು. ಓದಿದವರು ಬೇಡ, ಪ್ರಶ್ನೆ ಕೇಳುತ್ತಾರೆ. ಗಂಡಸರು ಬೇಡ, ಕುಡಿದು ಬಾಯಿ ಬಿಡುತ್ತಾರೆ. ಗಂಡ ಸತ್ತ ಈ ಹೆಂಗಸು ಹೇಳಿ ಮಾಡಿಸಿದ ಹಾಗಿದ್ದಳು. ಈ ಸಲ ಜೊತೆಗೆ ಇನ್ನೊಬ್ಬನ ಕೈಯಲ್ಲೂ ನಾಮಪತ್ರ ಹಾಕಿಸೋಣ ಎಂದ ಗುಮಾಸ್ತನಿಗೆ, "ಎರಡು ಕತ್ತೆ ಸಾಕಿದ್ರೆ ಒದೆಯೋದು ಕಲೀತವೆ ಕಣಯ್ಯ," ಎಂದು ಬಾಯಿ ಮುಚ್ಚಿಸಿದ್ದ.

ಸಂಜೆ ಸಾಲುಮನೆಗೆ ಬಂದರೆ ಓರಗಿತ್ತಿ ದಾರಿಗೆ ಅಡ್ಡ ನಿಂತಿದ್ದಳು.

"ಬಂದ್ಲು ನೋಡ್ರೇ ನಮ್ಮನ್ನಾಳೋಳು! ಹೋದ ಸಲ ನಿನ್ನ ಹೆಬ್ಬೆಟ್ಟಿಗೆ ಹಿತ್ತಲು ಹೋಯ್ತು, ಗೋಡೆ ಬುಡಕ್ಕೇ ಭಟ್ಟಿ ಮಣ್ಣಿನ ಗುಂಡಿ ಬಂದಿದೆ. ಈ ಸಲ ಏನ್ ನುಂಗ್ತಾನೆ ಆ ಬೋಳಿಮಗ?"

"ಮನೆಗಳ್ನ."

"ಒತ್ತಿಬಿಟ್ಯಾ?"

"ಒತ್ತಿಬಿಟ್ಟೆ ಅಕ್ಕ."

"ಥೂ! ನಾಯಿಗೂ ಒಂದು ನಿಯತ್ತಿರುತ್ತೆ. ಹೆತ್ತ ಮಗಳು ಎಳೇ ಕೂಸು ಎತ್ಕೊಂಡು ಎಲ್ಲಿಗೇ ಹೋಗ್ಬೇಕು?"

ಯಜಮಾನನ ಕಕ್ಕಸು ತೊಳೆಯುವಾಗ ಆಗದ ಹೇಸಿಗೆ ಆಗ ಅವಳಿಗೆ ತನ್ನ ಮೇಲೆ ತನಗೇ ಆಯಿತು.

ಮರುದಿನ ಚುನಾವಣಾ ಕಚೇರಿಗೆ ಹೋಗುವ ದಾರಿಯುದ್ದಕ್ಕೂ ಗುಮಾಸ್ತ ಅವಳಿಗೆ ಪ್ರಮಾಣವಚನದ ನಾಲ್ಕು ಸಾಲು ಬಾಯಿಪಾಠ ಮಾಡಿಸಿದ. ಎಷ್ಟು ಹೇಳಿಸಿದರೂ ತೊದಲಿದಳು. "ಗಿಣಿಯಾದ್ರೂ ಕಲೀತಿತ್ತು," ಎಂದ ಯಜಮಾನ. ಜನ ಕಾಯಲಿ ಎಂದು ಕೊನೇ ದಿನದ ಕೊನೇ ಗಳಿಗೆಗೆ ಹೋಗುವುದು ಅವನ ಮನೆತನದ ದೊಡ್ಡಸ್ತಿಕೆ. ಒಳಗೆ ಕಾಲಿಟ್ಟಾಗ ಎರಡೂ ಮುಕ್ಕಾಲು.

ಬೆಂಚಿನಲ್ಲಿ ಮರಳು ಲಾರಿ ಮಾಲೀಕ ತನ್ನ ಡ್ರೈವರನಿಗೆ ಹೊಸ ಅಂಗಿ ತೊಡಿಸಿ ಕೂರಿಸಿದ್ದ. ಎದುರಾಳಿಯಾಗಿ ಡ್ರೈವರನ ನಾಮಪತ್ರ ಆಗಲೇ ಮುಗಿದಿತ್ತು. ಅಧಿಕಾರಿ ಎದ್ದು ಯಜಮಾನನಿಗೆ ಕುರ್ಚಿ ಹಾಕಿಸಿದ. ಶಾಸಕಿ ನಿಂತೇ ಇದ್ದಳು.

"ಕಾಗದ ಸರಿಯಾಗಿದೆ ಸಾರ್. ಮೂರರೊಳಗೆ ಅಭ್ಯರ್ಥಿ ಸ್ವತಃ ಬಾಯಿಬಿಟ್ಟು ಪ್ರಮಾಣ ಹೇಳ್ಬೇಕು, ಅಷ್ಟೇ. ಹೇಳ್ದಿದ್ರೆ ನಾಮಪತ್ರ ಬಿದ್ದುಹೋಗುತ್ತೆ."

"ಹೇಳೇ," ಎಂದ ಯಜಮಾನ.

ಅವಳು ಗೋಡೆ ಗಡಿಯಾರ ನೋಡುತ್ತಾ ನಿಂತಳು.

"ಲೇ, ಕಿವುಡೇನೇ? ನಾನು ಅಂತ ಶುರು ಮಾಡು."

ಗುಮಾಸ್ತ ಮೊದಲ ಪದ ಪಿಸುಗುಟ್ಟಿದ. ಬಾಗಿಲಲ್ಲಿದ್ದ ಫೋಟೋದವರು ಕ್ಯಾಮೆರಾ ಎತ್ತಿದರು. ಯಜಮಾನನ ಎತ್ತಿದ ಕೈ ಅವರನ್ನು ಕಂಡು ತಾನೇ ಕೆಳಗಿಳಿಯಿತು.

"ಹೇಳು. ಭಯ ಆಗ್ತಿದ್ಯಾ? ನೀರು ಕುಡೀತೀಯಾ?"

ನೀರು ತಂದರು. ಕುಡಿದಳು. ಬಾಯಿ ಒರೆಸಿಕೊಂಡು ಮತ್ತೆ ಗಡಿಯಾರ ನೋಡಿದಳು. ಮೂರಕ್ಕೆ ಎರಡು ನಿಮಿಷ.

"ಹೇಳಮ್ಮ. ಮನೆ ವಿಷಯ ಆಮೇಲೆ ಮಾತಾಡೋಣ. ನಾಲ್ಕೇ ಸಾಲಮ್ಮ." ಯಜಮಾನನ ಕತ್ತಿನಿಂದ ಬೆವರು ಇಳಿಯುತ್ತಿತ್ತು. "ತಾಯೀ, ನಿಮ್ಮ ಕಾಲಿಗೆ ಬೀಳ್ತೀನಿ, ಹೇಳಿ ತಾಯೀ!"

ಬಿದ್ದೂ ಬಿಟ್ಟ. ಮೂರು ತಲೆಮಾರು ಬಾಗದ ಬೆನ್ನು ಅವಳ ಒಡೆದ ಹಿಮ್ಮಡಿಯ ಮುಂದೆ ಬಾಗಿತ್ತು. ಬೆಂಚಿನಲ್ಲಿದ್ದ ಮರಳು ಮಾಲೀಕ ಕರವಸ್ತ್ರದಲ್ಲಿ ಬಾಯಿ ಮುಚ್ಚಿ ನಗುತ್ತಿದ್ದ. ಅವಳಿಗೆ ಅವನನ್ನು ಕಂಡರೂ ಅಷ್ಟೇ ಅಸಹ್ಯವಾಯಿತು.

ಗಡಿಯಾರ ಮೂರು ಹೊಡೆಯಿತು. ಅಧಿಕಾರಿ ಪುಸ್ತಕ ಮುಚ್ಚಿದ.

ಆಗ ಅವಳು ಬಾಯಿ ತೆರೆದಳು. ಈ ನೆಲದ ಕಾನೂನಿಗೆ ನಿಷ್ಠಳಾಗಿರುತ್ತೇನೆ, ಜನರ ನಂಬಿಕೆಗೆ ದ್ರೋಹ ಬಗೆಯುವುದಿಲ್ಲ ಎಂದು ನಾಲ್ಕೂ ಸಾಲನ್ನು, ಒಂದಕ್ಷರ ತೊದಲದೆ, ಹೊರಗಿನ ರಸ್ತೆಗೂ ಕೇಳುವಂತೆ ಹೇಳಿ ಮುಗಿಸಿದಳು. ಆಮೇಲೆ ಇನ್ನೂ ನೆಲದ ಮೇಲೇ ಇದ್ದವನ ಕಡೆ ಬಗ್ಗಿದಳು.

"ಸರಿಯಾಗಿ ಹೇಳಿದ್ನೇನಯ್ಯಾ?"