ಎ.ಸಿ. ಕೋಣೆ ಮತ್ತು ಶಬ್ಬೀರನ ಕತ್ತರಿ

ಡಿಸೈನ್ ಥಿಂಕಿಂಗ್ ಅನ್ನೋದನ್ನು ಕಲಬುರಗಿಗೆ ತಂದವನು ನಾನೇ. ನಂಬಿಕೆ ಇಲ್ಲದವರು ಸ್ಟೇಶನ್ ಬಜಾರಿನ ಆಟೋದವರನ್ನು ಕೇಳಿರಿ. ಹೈದರಾಬಾದಿನಲ್ಲಿ ಎರಡು ದಿನದ ಶಿಬಿರ ಮುಗಿಸಿ ಇಳಿದ ದಿನ, ನನ್ನ ತಲೆಯೊಳಗಿನ ಜ್ಞಾನದ ಭಾರಕ್ಕೆ ಆಟೋದ ಮುಂದಿನ ಗಾಲಿ ಮೇಲೆದ್ದಿತ್ತು.

ಸೇಡಂ ರಸ್ತೆಯ ನಮ್ಮ ಫಾರ್ಮಸಿ ಕಾಲೇಜಿನಲ್ಲಿ ಆ ಮೇ ತಿಂಗಳು ಎಂಥ ಬಿಸಿಲೆಂದರೆ, ಕೈಯಲ್ಲಿದ್ದ ಸೀಮೆಸುಣ್ಣವೂ ಬೆವರುತ್ತಿತ್ತು. ಇಡೀ ಕಾಲೇಜಿಗೆ ಎ.ಸಿ. ಇದ್ದದ್ದು ಒಂದೇ ಕೋಣೆಗೆ. ಪ್ರಾಚಾರ್ಯೆ ವಿದ್ಯಾವತಿ ಮೇಡಂ ಸಭೆಯಲ್ಲಿ ಹೇಳಿದರು:

"ಒಬ್ಬ ರೋಗಿದಾದ್ರೂ ಕಷ್ಟ ಖರೇನೇ ಬಗಿಹರಿಸಿ ತೋರಿಸಿದ ಮಾಸ್ತರ್ರಿಗೆ ಆ ಕೋಣಿ. ರೋಗಿನೇ ಬಂದು ನನ್ನ ಮುಂದ ಹೇಳ್ಬೇಕು ಮತ್ತ."

ಅಷ್ಟು ಕೇಳಿದ್ದೇ ತಡ, ಮನಸ್ಸಿನಲ್ಲಿ ಆ ಕೋಣೆಗೆ ನನ್ನ ಕುರ್ಚಿ ಹಾಕಿ, ಗೋಡೆಗೆ ನನ್ನ ಫೋಟೋವನ್ನೂ ತೂಗುಹಾಕಿಬಿಟ್ಟೆ.

"ಮೊದಲು ಮಂದಿ ಮಾತು ಕೇಳ್ರಿ, ಆಮ್ಯಾಲ ವಸ್ತು ಮಾಡ್ರಿ. ಡಿಸೈನ್ ಥಿಂಕಿಂಗ್ ಅಂದ್ರ ಇಷ್ಟೇ" ಎಂದು ವಿದ್ಯಾರ್ಥಿಗಳಿಗೆ ನಾಲ್ಕು ತಾಸು ಹೇಳಿದೆ. ನಡುವೆ ಒಬ್ಬರಿಗೂ ಬಾಯಿ ತೆರೆಯಲು ಬಿಡಲಿಲ್ಲ.

ರೋಗಿಯನ್ನು ಹುಡುಕುತ್ತ ವಿದ್ಯಾರ್ಥಿಗಳ ಜೊತೆ ಹೋದಾಗ ಕಮಲಾಪುರದಲ್ಲಿ ನಮಗೆ ಸಿಕ್ಕವಳು ಬಂಡೆಮ್ಮ. ಎಪ್ಪತ್ತು ದಾಟಿದ ಮುದುಕಿ, ಕಣ್ಣು ಮಂಜು. ಮುಂಜಾನೆ ಸಕ್ಕರೆ ಕಾಯಿಲೆಯ ಗುಳಿಗೆ, ರಾತ್ರಿ ಬಿ.ಪಿ.ಯದು, ಎರಡೂ ಬಿಳಿ, ಎರಡೂ ದುಂಡು. ಅವಳು ಕೊಟ್ಟ ಕೆಂಪು ಬಾಳೆಹಣ್ಣು ಒಂದೊಂದೂ ನನ್ನ ಮೊಳಕೈಯಷ್ಟು ಉದ್ದ. ತಿನ್ನುತ್ತ ನಾನು ಅಚ್ಚು ಹಾಕಿಸಿದ್ದ ಫಾರ್ಮಿನ ಅರವತ್ನಾಲ್ಕು ಪ್ರಶ್ನೆ ಕೇಳಿ ಮುಗಿಸಿದೆ.

ವಿದ್ಯಾರ್ಥಿನಿ ಅಂಜನಾ ಮೆಲ್ಲಗೆ, "ಸರ್, ಆಯಿ ಈಗ ಯಾವ ಗುಳಗಿ ಯಾವುದಂತ ಹ್ಯಾಂಗ ಗುರ್ತ ಹಿಡೀತಾರ, ಕೇಳ್ಲೇನ್ರಿ?" ಎಂದಳು.

"ಅದು ಫಾರ್ಮಿನ್ಯಾಗ ಇಲ್ಲವ್ವ. ಸುಮ್ಮ ಕೂಡು."

ವಾರದಲ್ಲಿ ಡಬ್ಬಿ ಸಿದ್ಧವಾಯಿತು. ಎರಡು ಖಾನೆ, ಹಸಿರು ದೀಪ, ಕೆಂಪು ದೀಪ, ಒಳಗೆ ನನ್ನದೇ ಧ್ವನಿ: "ಮಾತೆಯವರೇ, ಔಷಧ ಸೇವಿಸುವ ಸಮಯವಾಯಿತು!" ಮೊದಲ ಸಲ ಕೂಗಿದಾಗ ಮಹಾಗಾಂವದ ತನಕ ಎಮ್ಮೆಗಳು ಎದ್ದು ನಿಂತವಂತೆ. ಬಂಡೆಮ್ಮನ ಮನೆಯ ಸ್ಟ್ರಿಪ್ಪುಗಳಿಂದ ಗುಳಿಗೆಗಳನ್ನೆಲ್ಲ ಬಿಡಿಸಿ ಖಾನೆಗೆ ತುಂಬಿಸಿದೆ. ಖಾಲಿ ಸ್ಟ್ರಿಪ್ಪುಗಳನ್ನು ಕಸಕ್ಕೆ ಹಾಕಿಸಿದೆ.

ಶನಿವಾರ ಆ ಎ.ಸಿ. ಕೋಣೆಯಲ್ಲೇ ಪರೀಕ್ಷೆ. ಬಂಡೆಮ್ಮ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಮೇಡಂ ಎದುರು ಕೂತಳು.

"ಡಬ್ಬಿ ಭಾಳ ಚಂದ ಅದರೀ," ಎಂದಳು. ನಾನು ಉಬ್ಬಿದ್ದಕ್ಕೆ ಅಂಗಿಯ ಎರಡು ಗುಂಡಿ ಹಾರಿದವು. "ಆದ್ರ ಮುಂಜಾನೆದ್ದು ಗಂಡಸಿನ ಧ್ವನೀಲೆ ಚೀರ್ತದ. 'ಬಂಡೆಕ್ಕಾ, ಮನ್ಯಾಗ ಯಾರು ಬಂದಾರ?' ಅಂತ ಬಾಜೂ ಮನಿ ರಮಾಬಾಯಿ ಕೇಳಾಕತ್ತಾಳ. ಜ್ವಾಳದ ಚೀಲದಾಗ ಹುಗಿದಿಟ್ಟಿದ್ದೆ."

"ಮತ್ತ ಗುಳಗಿ?" ಮೇಡಂ ಕೇಳಿದರು.

"ಇದ್ರಾಗಿನವು ಹ್ಯಾಂಗ ತಗೊಳ್ಳಲ್ರಿ? ದೀಪ ನನಗ ಕಾಣಂಗಿಲ್ಲ. ಮುಟ್ಟಿದ್ರ ಎರಡೂ ಒಂದೇ. ಮರುದಿನಾನೇ ಹೋಗಿ ಶಬ್ಬೀರನ ಅಂಗಡ್ಯಾಗ ಹೊಸಾವು ತಂದೆ."

ಶಬ್ಬೀರ್ ಅಂದರೆ ಕಮಲಾಪುರ ಬಸ್‌ಸ್ಟ್ಯಾಂಡ್ ಹತ್ತಿರದ ಔಷಧದಂಗಡಿಯವನು. ಬಂಡೆಮ್ಮ ಸೆರಗಿನ ಗಂಟು ಬಿಚ್ಚಿ ಎರಡು ಸ್ಟ್ರಿಪ್ಪು ತೆಗೆದು, ಅವುಗಳ ತುದಿ ಸವರಿ ತೋರಿಸಿದಳು.

"ಮೂಲಿ ಚೂಪ ಇದ್ದದ್ದು ಮುಂಜಾನಿದು. ಮೂಲಿ ಕತ್ತರಿಸಿದ್ದು ರಾತ್ರಿದು. ಮೂರು ವರ್ಷಾತು, ಶಬ್ಬೀರ ಹಿಂಗೇ ಕತ್ತರಿ ಆಡಿಸಿ ಕೊಡ್ತಾನ. ಕಣ್ಣು ಯಾಕ ಬೇಕ್ರಿ? ಬೆರಳು ಸಾಕು."

"ಮಾಸ್ತರ್ರಿಗೆ ಯಾಕ ಹೇಳ್ಲಿಲ್ಲವ್ವಾ ಇದು?" ಎಂದರು ಮೇಡಂ.

"ಅವ್ರು ಕೇಳಿದ್ರ ಹೇಳ್ತಿದ್ದೆ. ಹಣ್ಣು ಎಷ್ಟು ತಿಂತಿ, ನಿದ್ದಿ ಎಷ್ಟು ಮಾಡ್ತಿ ಎಲ್ಲಾ ಕೇಳಿದ್ರು. ಇದೊಂದು ಬಿಟ್ರು."

ಹಿಂದೆ ನಿಂತಿದ್ದ ಅಂಜನಾ ನಗು ತಡೆಯಲು ಫ್ಯಾನ್ ಇಲ್ಲದ ಸೂರಿನಲ್ಲಿ ಫ್ಯಾನ್ ಹುಡುಕತೊಡಗಿದಳು. ಅಷ್ಟರಲ್ಲಿ ಮಡಿಲಿನ ಡಬ್ಬಿ ಹೊತ್ತಲ್ಲದ ಹೊತ್ತಿನಲ್ಲಿ, "ಮಾತೆಯವರೇ!" ಎಂದು ಅರಚಿತು. ಬಂಡೆಮ್ಮ ಅದನ್ನು ಕೂಸಿಗೆ ತಟ್ಟಿದ ಹಾಗೆ ತಟ್ಟಿ, "ಆತು, ಸುಮ್ಮನಾಗಪಾ" ಎಂದಳು.

ಕೋಣೆ ನನಗೆ ಸಿಗಲಿಲ್ಲ ಅಂತ ಊರಲ್ಲಿ ಕೆಲವರು ಆಡಿಕೊಳ್ಳುತ್ತಾರೆ. ಹೊಟ್ಟೆಕಿಚ್ಚು. ಈಗ ಪ್ರತಿ ಶನಿವಾರ ಶಬ್ಬೀರ್ ಆ ಕೋಣೆಗೇ ಕತ್ತರಿ ಹಿಡಿದು ಬಂದು ಪಾಠ ಮಾಡುತ್ತಾನೆ. ಕಡ್ಡಾಯ ಹಾಜರಿ ಪಟ್ಟಿಯಲ್ಲಿ ಮೇಡಂ ತಮ್ಮ ಕೈಯಾರೆ ಬರೆದ ಮೊದಲ ಹೆಸರು ನನ್ನದು. ಎ.ಸಿ.ಯ ನೇರ ಕೆಳಗಿನ ಬೆಂಚು ನನ್ನದೇ. ಅಲ್ಲಿ ಎಂಥ ತಂಪೆಂದರೆ, ಜೂನ್ ತಿಂಗಳಲ್ಲಿ ನಾನು ಸ್ವೆಟರ್ ಹೆಣೆಸಿಕೊಂಡೆ.

ಮೊನ್ನೆ ಕೈ ಎತ್ತಿದೆ. "ಶಬ್ಬೀರ್ ಭಾಯಿ, ಬಂಡೆಮ್ಮಗ ಮೂರನೇ ಗುಳಗಿ ಬರ್ದು ಕೊಟ್ರ ಸ್ಟ್ರಿಪ್ಪು ಹ್ಯಾಂಗ ಕತ್ತರಿಸ್ತಿ?"

ಶಬ್ಬೀರ್ ಕತ್ತರಿ ಕೆಳಗಿಟ್ಟ. "ಮಾಲೂಮ್ ಇಲ್ಲ ಸಾಬ್. ಆಯಿಗೇ ಕೇಳ್ಬೇಕು."

ಎಂಥ ಪ್ರಶ್ನೆ ಕೇಳಿದೆ ನೋಡಿರಿ! ಅರವತ್ತೈದನೆಯದು. ಫಾರ್ಮಿನಲ್ಲಿ ಜಾಗವೇ ಇರಲಿಲ್ಲ, ಅದರ ಹಿಂಬದಿಗೆ ಬರೆದುಕೊಂಡೆ.