ಸತ್ತವನಿಗೆ ದಿನಕ್ಕೆ ಮೂರು ಕರೆ

"ಸತ್ತೋನಿಗೆ ಫೋನ್ ಮಾಡ್ತೀಯಲ್ಲೋ, ಹೆಣ ತಿನ್ನೋ ನಾಯಿ! ನಿನ್ನ ನಾಲಿಗೆ ಸೇದೋಗ!"

ಉಸಿರಾಟದ ಮೆಷಿನ್ ಬಾಡಿಗೆಗೆ ಒಯ್ಯಲು, ಬಾಕಿ ಕಟ್ಟಲು ಅಂಗಡಿಗೆ ಬಂದವರೆಲ್ಲ ಕತ್ತು ತಿರುಗಿಸಿದರು. ಬೈದವಳು ಕಲ್ಲು ಒಡೆಯುವವಳು. ಗಂಡ ಹೋಗಿ ಎರಡು ತಿಂಗಳು. ಬೈಸಿಕೊಂಡವನು ಅಂಗಡಿಯ ಬಿಲ್ಲು ಬರೆಯುವವನು. ಅಷ್ಟರಲ್ಲಿ ಅವಳ ಕೈಯಲ್ಲಿದ್ದ ಗಂಡನ ಮೊಬೈಲು ಬಡಿದುಕೊಂಡಿತು. ಸ್ಪೀಕರ್ ಒತ್ತಿ ಮೇಜಿನ ಮೇಲೆ ಕುಕ್ಕಿದಳು.

"ನಮಸ್ಕಾರ. ನಿಮ್ಮ ಬಾಡಿಗೆ ಬಾಕಿ ಇದೆ. ಇಂದೇ ಕಟ್ಟಿ."

ಬಿಲ್ಲು ಬರೆಯುವವನದೇ ದನಿ. ಅವನ ತುಟಿ ಮುಚ್ಚಿತ್ತು.

ಬಿಲ್ಲಿಂಗ್ ಸಾಫ್ಟ್‌ವೇರ್ ತಂದ ದಿನ ಯಜಮಾನ ಅರ್ಧ ಟೀ ಕುಡಿಸಿ ಆ ಮಾತು ಹೇಳಿಸಿ ರೆಕಾರ್ಡ್ ಮಾಡಿಕೊಂಡಿದ್ದ. ಅಂದಿನಿಂದ ಅಂಗಡಿಯಲ್ಲಿ ಅವನ ಹೆಸರೇ 'ಗಂಟಲು'. ಅವನು ಉಣ್ಣುವಾಗಲೂ ಮಲಗಿದಾಗಲೂ ಆ ದನಿ ಅವನನ್ನು ಬಿಟ್ಟು, ದಿನಕ್ಕೆ ಮೂರು ಸಲ ಬಾಕಿ ಇದ್ದವರ ಮನೆಮನೆ ತಿರುಗುತ್ತಿತ್ತು. 'ದೊಡ್ಡವರು' ಎಂದು ಯಜಮಾನ ಗುರುತು ಹಾಕಿದವರ ಮನೆಗೆ ಮಾತ್ರ ಹೋಗುತ್ತಿರಲಿಲ್ಲ. ಕಲ್ಲುಕ್ವಾರಿಯ ಧಣಿ ಆರು ತಿಂಗಳಿಂದ ಬಿಡಿಗಾಸು ಕಟ್ಟಿರಲಿಲ್ಲ. ಅವನ ಫೋನು ತಣ್ಣಗಿತ್ತು.

"ಅಕ್ಕಾ, ಅದು ತಾನಾಗೇ ಹೋಗುತ್ತೆ. ನಾನು ಮಾಡಲ್ಲ."

"ದನಿ ನಿಂದೇ ತಾನೆ? ನಮ್ಮತ್ತೆಗೆ ಕಣ್ಣು ಕಾಣಲ್ಲ, ಮಗ ಸತ್ತ ಅಂದ್ರೂ ನಂಬಲ್ಲ. ಮಗನೇ ಮಾತಾಡ್ತಾನೆ ಅಂತ ಫೋನ್ ಕೆಳಗಿಡಲ್ಲ. 'ಉಸಿರು ಸಲೀಸಾಯ್ತೇನಪ್ಪಾ' ಅಂತ ಕೇಳ್ತಾಳೆ. ನೀನು 'ಬಾಕಿ ಇದೆ' ಅಂತೀಯ. ಅವಳ ಕಿವಿಗೆ ಬೀಳೋದು ಆ 'ಬಾಕಿ' ಒಂದೇ; ಊಟ ಬಾಕಿ, ಮಗ ಇನ್ನೂ ಉಂಡಿಲ್ಲ ಅಂತ ಅವಳೂ ಊಟ ಬಿಟ್ಟಿದಾಳೆ ಕಣೋ."

ಆ ಬಾಕಿ ಎಂಥದೆಂದು ಗಂಟಲಿಗೆ ಗೊತ್ತಿತ್ತು. ಗಂಡ ಸತ್ತ ದಿನವೇ ಇವಳು ಮೆಷಿನ್ ಒಯ್ಯಿರಿ ಎಂದಿದ್ದಳು. ಅಂಗಡಿಯ ವ್ಯಾನು ಹೋದದ್ದು ಇಪ್ಪತ್ತು ದಿನದ ಮೇಲೆ. ಖಾಲಿ ಮಂಚದ ಪಕ್ಕ ಮೆಷಿನ್ ಸುಮ್ಮನೆ ನಿಂತಿದ್ದಕ್ಕೆ ಇಪ್ಪತ್ತು ದಿನದ ಬಾಡಿಗೆ.

ಕಂಪ್ಯೂಟರಿನಲ್ಲಿ ಅವಳ ಗಂಡನ ನಂಬರು ಅಳಿಸಲು ಕೈ ಹಾಕಿದ.

"ಮುಟ್ಟಿದ್ರೆ ಕೈ ಮುರೀತೀನಿ!" ಯಜಮಾನ ಬೆನ್ನ ಹಿಂದೆಯೇ ಇದ್ದ. "ನಿಮ್ಮಪ್ಪನ ಗಂಟೇನೋ ಬಿಟ್ಟುಕೊಡೋಕೆ? ನಿನ್ನ ದನಿ ಮೆತ್ತಗಿದೆ, ಅದಕ್ಕೇ ಯಾವನೂ ಹೆದ್ರಲ್ಲ. ಹೊಸದು ಹೇಳು. ಪೊಲೀಸು, ಜಪ್ತಿ, ಎಲ್ಲಾ ಬರ್ಬೇಕು."

"ಆಯ್ತು ಯಜಮಾನ್ರೇ."

ಯಜಮಾನ ಗಿರಾಕಿಗಳತ್ತ ಹಲ್ಲು ಕಿರಿಯುವಷ್ಟರಲ್ಲಿ ಗಂಟಲು ಎಲ್ಲ ಹೆಸರಿನ ಮುಂದಿನ 'ದೊಡ್ಡವರು' ಗುರುತು ತೆಗೆದ. ಕಲ್ಲು ಒಡೆಯುವವಳ ಗಂಡನ ನಂಬರಿಗೆ ಮಾತ್ರ ಅದನ್ನು ಹಾಕಿದ. ಆಮೇಲೆ ರೆಕಾರ್ಡ್ ಒತ್ತಿದ. ಅರ್ಧ ನಿಮಿಷ ತುಂಬಿದರೆ ಸಾಫ್ಟ್‌ವೇರೇ ಅದನ್ನು ಉಳಿಸಿಕೊಂಡು ಬಾಕಿ ಇದ್ದವರಿಗೆಲ್ಲ ಕಳಿಸುತ್ತಿತ್ತು.

ಅವನು ಬಾಯಿ ತೆರೆಯಲಿಲ್ಲ.

"ಬೊಗಳೋ! ಗೂಟದ ಥರ ಕೂತಿದೀಯಲ್ಲ? ಬಿಕನಾಸಿ ನನ್ಮಕ್ಳು, ನನ್ನ ಮೆಷಿನ್‌ನಲ್ಲಿ ಉಸಿರಾಡ್ತಾರೆ, ದುಡ್ಡು ಅಂದ್ರೆ ಸಾಯ್ತಾರೆ! ಹೆಣದ ಬಾಯಿಗೆ ಕೈ ಹಾಕಿ ಕಾಸು ಕೀಳ್ತೀನಿ, ನಾನ್ಯಾರು ಅಂದ್ಕೊಂಡಿದೀರೋ!"

ಪರದೆಯ ಮೇಲೆ ರೆಕಾರ್ಡಿನ ಕೆಂಪು ಚುಕ್ಕೆ ಮಿನುಗುತ್ತಿತ್ತು. ಗಂಟಲು ಎದ್ದ. ಕಲ್ಲು ಒಡೆಯುವವಳು ಸರಿದು ದಾರಿ ಬಿಟ್ಟಳು.

"ಎಲ್ಲಿಗೋ ಬೋಳಿಮಗನೇ? ಮೂರು ತಿಂಗಳ ಬಾಕಿ ಸಂಬಳ ಬೇಡ್ವಾ?"

ಚುಕ್ಕೆ ಆರಿತು. ಕಾಯುತ್ತ ನಿಂತವರ ಜೇಬುಗಳಲ್ಲಿ ಒಂದೊಂದೇ ಫೋನು ಬಡಿದುಕೊಳ್ಳತೊಡಗಿತು; ಎತ್ತಿದವರ ಕಿವಿಗೆ ಬಿದ್ದದ್ದು ಯಜಮಾನನ ಬೈಗುಳ.

"ಏನ್ ಮಾಡ್ದೆ? ಲೇ, ಏನೋ ಮಾಡ್ದೆ?"

ಗಂಟಲು ಮೆಟ್ಟಿಲಿಳಿದು ಬಿಸಿಲಿಗೆ ಬಿದ್ದು, ತಿರುಗದೆ ನಡೆದ.