ಮೊದಲ ತುತ್ತಿನ ಬಂಟ

ಅಜ್ಜಿ ದೇವಿರಮ್ಮ ಹೇಳುತ್ತಿದ್ದ ಕತೆಯಲ್ಲಿ ಒಬ್ಬ ಬಂಟನಿದ್ದ. ರಾಜನ ಎಲೆಗೆ ಬಡಿಸಿದ್ದರಲ್ಲಿ ಮೊದಲ ತುತ್ತು ಅವನು ಉಣ್ಣಬೇಕು. ವಿಷವಿದ್ದರೆ ಬಂಟ ಸಾಯುತ್ತಾನೆ, ರಾಜ ಉಳಿಯುತ್ತಾನೆ. ಐಟಿಐಯಲ್ಲಿ ಫ್ಯೂಸಿನ ಪಾಠ ಬಂದಾಗ ನನಗೆ ಬೇರೆ ವಿವರಣೆ ಬೇಕಾಗಲಿಲ್ಲ.

ಈಗ ಮಳವಳ್ಳಿಯಲ್ಲಿ ಚಿಕ್ಕಣ್ಣಮಾವನ ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಮಾವ ಪಂಪ್‌ಸೆಟ್ ನೋಡುತ್ತಾರೆ, ನಾನು ಸಣ್ಣ ಬೋರ್ಡುಗಳನ್ನು. ವೋಲ್ಟು, ಕರೆಂಟು ಅಳೆಯಲು ಇಬ್ಬರಿಗೂ ಸೇರಿ ಒಂದೇ ಮೀಟರು, ಅಂಗೈಯಗಲದ ಹಳದಿ ಡಬ್ಬಿ. ಫ್ಯೂಸ್ ಹೋದ ಕಡೆ ದಪ್ಪ ತಾಮ್ರದ ತಂತಿ ಸುತ್ತಿ ಪಂಪು ಓಡಿಸುವ ರೈತರನ್ನು ಮಾವ ಬೈಯದ ದಿನವಿಲ್ಲ. "ಫ್ಯೂಸ್ ಸತ್ರೆ ಸಾಯ್ಲಿ ಬುಡ್ಲಾ, ನೀನು ಬದುಕ್ಕೊ" ಎನ್ನುವುದು ಅವರ ಮಾತು.

ಸೋಮವಾರ ಮೀಟರಿನ ಅಂಕಿಗಳು ಮಂಕಾಗಿದ್ದವು. ಬ್ಯಾಟರಿ ಬದಲಿಸೋಣವೆಂದು ಹಿಂದಿನ ಮುಚ್ಚಳ ಬಿಚ್ಚಿದೆ. ಒಳಗೆ ಎರಡು ಫ್ಯೂಸು, ಕರೆಂಟು ಅಳೆಯುವ ಎರಡು ತೂತಿಗೆ ಒಂದೊಂದು. ಎರಡರ ಮೈಮೇಲೂ ತಾಮ್ರದ ಎಳೆ, ಮೋಟರಿನ ಕಾಯಿಲ್‌ನಂತೆ ಒತ್ತಾಗಿ, ಚೆಂದವಾಗಿ ಸುತ್ತಿತ್ತು. ಆ ಕೈ ಯಾರದೆಂದು ಕೇಳಬೇಕಿರಲಿಲ್ಲ.

ಒಂದು ತಿಂಗಳಿಂದ ಮಾವ ಚೀಟಿಗಳನ್ನು ಬಾಗಿಲ ಬೆಳಕಿಗೆ ಹಿಡಿದು, ಕೋಳಿ ಕೆರೆದಂಗೆ ಬರೆದವರೆ ಎಂದು ಬೈದು, ಓದಲು ನನಗೆ ಕೊಡುತ್ತಿದ್ದರು. ಕೋಳಿಯ ತಪ್ಪಲ್ಲ, ಕಣ್ಣಿಗೆ ಪೊರೆ ಬಂದಿತ್ತು. ವೋಲ್ಟಿನ ತೂತಿಗೆ ಹಾಕಬೇಕಾದ ಕೆಂಪು ವೈರನ್ನು ಕಣ್ಣು ಕಾಣದೆ ಎರಡು ಸಲ ಪಕ್ಕದ ಕರೆಂಟಿನ ತೂತುಗಳಿಗೆ ಹಾಕಿದ್ದಾರೆ, ಎರಡು ಸಲವೂ ಫ್ಯೂಸ್ ಸುಟ್ಟು ಅವರನ್ನು ಉಳಿಸಿದೆ. ಸುಟ್ಟಿದ್ದನ್ನು ಹಾಗೇ ಬಿಟ್ಟರೆ ನಾನು ಬೋರ್ಡಿನ ಕರೆಂಟು ಅಳೆಯುವಾಗ ಮೀಟರು ಸೊನ್ನೆ ತೋರಿಸಿ ಗುಟ್ಟು ರಟ್ಟಾಗುತ್ತಿತ್ತು. ಅದಕ್ಕೇ ತಂತಿ. ಸತ್ತ ಬಂಟನ ಜಾಗದಲ್ಲಿ ಬೊಂಬೆ ಕೂರಿಸಿದ್ದರು. ಬೊಂಬೆ ಏನು ಉಂಡರೂ ಸಾಯುವುದಿಲ್ಲ. ಇನ್ನೊಮ್ಮೆ ವೈರು ತಪ್ಪಿದರೆ ಮೀಟರು ಅವರ ಕೈಯಲ್ಲೇ ಸಿಡಿಯುತ್ತದೆ. ಮರುದಿನ ಬೆಳಕವಾಡಿಯಲ್ಲಿ ಪುಟ್ಟಮಾದಮ್ಮನವರ ತ್ರೀ ಫೇಸ್ ಪಂಪು ನೋಡುವುದಿತ್ತು.

ಕೇಳಿಬಿಡಬಹುದಿತ್ತು. ಆದರೆ ಮೂವತ್ತು ವರ್ಷ ಊರಿಗೆಲ್ಲ ಬೈದ ತಪ್ಪನ್ನು ನಾನು ಎತ್ತಿ ತೋರಿಸಿದರೆ ಆ ಮನುಷ್ಯ ಮತ್ತೆ ಮೀಟರು ಮುಟ್ಟಲಾರರು ಅನ್ನಿಸಿತು. ಅಜ್ಜಿಗೆ ಮಾತ್ರೆ ತರಬೇಕೆಂದು ಸುಳ್ಳು ಹೇಳಿ, ಮೀಟರನ್ನು ಚೀಲಕ್ಕೆ ಹಾಕಿಕೊಂಡು ಮಂಡ್ಯದ ಬಸ್ಸು ಹತ್ತಿದೆ. ಎರಡು ಅಂಗಡಿಯವರು ಗಾಜಿನ ಫ್ಯೂಸ್ ಮುಂದಿಟ್ಟು ಇದೇ ಸಾಕು ಅಂದರು. ನನಗೆ ಬೇಕಿದ್ದದ್ದು ಸಿಡಿತವನ್ನು ಒಳಗೇ ನುಂಗುವ, ಮರಳು ತುಂಬಿದ ಪಿಂಗಾಣಿಯದು, ಮೊದಲಿದ್ದಷ್ಟೇ ಆಂಪ್ಸು, ಅಷ್ಟೇ ವೋಲ್ಟು. ಮೂರನೆಯವನು ಗೊಣಗುತ್ತಲೇ ಹುಡುಕಿ ಕೊಟ್ಟ.

ಬೆಳಿಗ್ಗೆ ಮಾವ ಬರುವ ಮೊದಲೇ ಹೊಸ ಬಂಟರನ್ನು ಕೂರಿಸಿ ಮುಚ್ಚಳ ಬಿಗಿದೆ. ಕೆಂಪು ವೈರನ್ನು ವೋಲ್ಟಿನ ತೂತಿಗೆ ಹಾಕಿ, ಡಯಲನ್ನು ಓಮ್ಸಿಗೆ ತಿರುಗಿಸಿ, ಅದೇ ವೈರಿನ ಮೊನೆಯನ್ನು ಕರೆಂಟಿನ ತೂತುಗಳಿಗೆ ಒಂದೊಂದಾಗಿ ಇಳಿಸಿದೆ. ಎರಡರಲ್ಲೂ ಅಂಕಿ ಬಂತು. ಬಂಟರು ಎದ್ದಿದ್ದಾರೆ. ಆಮೇಲೆ ಸೈಕಲ್ಲಿನ ಹಳೇ ಟ್ಯೂಬಿನ ರಬ್ಬರು ಸುರುಳಿ ಮಾಡಿ ಆ ಎರಡು ತೂತಿಗೂ ಬಿರಡೆ ಹಾಕಿದೆ.

ಬೆಳಕವಾಡಿಯಲ್ಲಿ ಮಾವ ಸ್ಟಾರ್ಟರ್ ಪೆಟ್ಟಿಗೆಯ ಮುಂದೆ ನಿಂತು ಕೆಂಪು ವೈರನ್ನು ನೇರ ಕರೆಂಟಿನ ತೂತಿಗೇ ಒತ್ತಿದರು. ಹೋಗಲಿಲ್ಲ. ಹೆಬ್ಬೆರಳಿನಿಂದ ರಬ್ಬರು ಸವರಿದರು. ಪಕ್ಕದ್ದನ್ನೂ ಸವರಿದರು. ಮೀಟರು ತಿರುಗಿಸಿ ಮುಚ್ಚಳದ ಸ್ಕ್ರೂ ಮೇಲೆ ಉಗುರಾಡಿಸಿದರು.

"ಯಾಕ್ ಚಿಕ್ಕಣ್ಣ, ಮೀಟ್ರಿಗೆ ಮಾಲೀಸ್ ಮಾಡ್ತಾ ನಿಂತ್ಕಂಡೆ? ಕರೆಂಟ್ ಓಯ್ತದೆ, ಬಿರ್‍ನೆ ನೋಡು," ಅಂದರು ಪುಟ್ಟಮಾದಮ್ಮ.

ಮಾವ ಮೀಟರನ್ನು ನನ್ನ ಕೈಗಿಟ್ಟರು. "ನೀನೇ ನೋಡಮ್ಮಿ. ನಂಗೆ ಕಾಣಾಕಿಲ್ಲ ಕಣಮ್ಮ."

ನಾನು ಮೊನೆಗಳನ್ನು ಮುಟ್ಟಿಸಿ ಅಂಕಿ ಓದುತ್ತಾ ಹೋದೆ, ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡರು. ಕೊನೆಯ ಫೇಸಿನ ಫ್ಯೂಸ್ ಹೋಗಿದೆ ಎಂದರು. ಬಿಚ್ಚಿ ನೋಡಿದರೆ ಹೌದು.

ಪುಟ್ಟಮಾದಮ್ಮ ಗೂಟಕ್ಕೆ ನೇತುಹಾಕಿದ್ದ ತಾಮ್ರದ ತಂತಿ ತಂದು, ಭತ್ತಕ್ಕೆ ನೀರಿಲ್ಲ, ಸದ್ಯಕ್ಕೆ ಇದನ್ನೇ ಸುತ್ತಿಬಿಡು ಅಂದರು. ದಿನನಿತ್ಯದ ಬೈಗುಳಕ್ಕೆ ಮಾವನ ಬಾಯಿ ತೆರೆಯಿತು. ಅರ್ಧಕ್ಕೇ ನಿಂತಿತು. ತಂತಿಯನ್ನು ಮೆತ್ತಗೆ ಅವರ ಕೈಯಿಂದ ತೆಗೆದುಕೊಂಡರು.

"ಬ್ಯಾಡ ಕಣಕ್ಕ. ನಾನೂ ಸುತ್ತಿದ್ದೆ. ಈ ಹೆಣ್ಮಗ ನೋಡ್ತು, ಬದುಕ್ಕಂಡೆ."